ಪೊರೆ ಮತ್ತು ರೆಟಿನಾ ಆಪರೇಷನ್ ಒಟ್ಟಿಗೇ ಆಯ್ತು, ಈಗ ಮೈನಸ್ ನಂಬರ್ ಬಂದಿದೆ. ಲೆನ್ಸ್ ತಪ್ಪು ಹಾಕಿದ್ರಾ?

ನಾಪೋಕ್ಲು_ತೋಟ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಬಲಗಣ್ಣಲ್ಲಿ ಪೊರೆ ಇತ್ತು. ಅದರ ಜೊತೆಗೆ ರೆಟಿನಾದ ನಡುಭಾಗದ ಮೇಲೆ ತೆಳ್ಳನೆ ಪರದೆ ಬೆಳೆದು, ಅಕ್ಷರದ ಸಾಲು, ಬಾಗಿಲ ಚೌಕಟ್ಟು ಎಲ್ಲ ಸೊಟ್ಟ ಕಾಣ್ತಿತ್ತು. ಜಿಲ್ಲೆಯ ಹೊರಗೆ ಒಂದು ಆಸ್ಪತ್ರೆಯಲ್ಲಿ ಎರಡನ್ನೂ ಒಂದೇ ಸಲ ಮಾಡಿದ್ರು. ಪೊರೆ ತೆಗೆದು ಲೆನ್ಸ್ ಹಾಕಿ, ಅದರ ಹಿಂದೆ ಕಣ್ಣು ತುಂಬಿರೋ ಲೋಳೆ ತೆಗೆದು, ಪರದೆ ಸುಲಿದು, ಗ್ಯಾಸ್ ತುಂಬಿ ಕಳಿಸಿದ್ರು. ಗ್ಯಾಸ್ ಪೂರ್ತಿ ಕರಗಿ ಈಗ ಎರಡು ತಿಂಗಳ ಮೇಲಾಯ್ತು. ಸೊಟ್ಟ ಕಾಣೋದು ಬಹಳ ಕಮ್ಮಿಯಾಗಿದೆ, ಅದರಲ್ಲಿ ತಕರಾರಿಲ್ಲ.

ತಕರಾರು ನಂಬರಿನದು. "ದೂರಕ್ಕೆ ಕನ್ನಡಕ ಬೇಡ, ಓದೋಕೆ ಮಾತ್ರ ಸಾಕು" ಅಂದಿದ್ರು. ಈಗ ನೋಡಿದ್ರೆ ಬಲಗಣ್ಣಿಗೆ -1.50. ಎಡಗಣ್ಣಿಗೆ ಇನ್ನೂ ಆಪರೇಷನ್ ಆಗಿಲ್ಲ, ಅದು +0.75. ಅಪ್ಪ ಗುರಿ ಹಿಡಿಯೋದು ಬಲಗಣ್ಣಲ್ಲಿ. "ಕೋವಿ ತುದಿಯ ಮಣಿ ಚೆನ್ನಾಗಿ ಕಾಣುತ್ತೆ, ಮರದಲ್ಲಿ ಕಟ್ಟಿದ ತೆಂಗಿನಕಾಯಿ ಮಾತ್ರ ಮಂಜು" ಅಂತಾರೆ. ಕೈಲ್‌ಪೊಳ್ದ್ (ಕೊಡವರ ಆಯುಧಪೂಜೆಯ ಹಬ್ಬ, ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ಇರುತ್ತೆ) ಹತ್ತಿರ ಬರ್ತಿದೆ, ಮನೇಲಿ ಬೇರೆ ಮಾತೇ ಇಲ್ಲ. ಲೆನ್ಸ್ ಅದಲುಬದಲು ಆಗಿರಬಹುದಾ?

ಜೀಪ್_ಗಿರಾಕಿ

ಆಗಿರಬಹುದಾ ಅಂತ ಕೇಳೋದೇನು, ಆಗಿದೆ. ದುಡ್ಡು ಕೊಟ್ಟು ಝೀರೋ ಕೇಳಿದ್ವಿ, ಒಂದೂವರೆ ಕೊಟ್ರು. ಗ್ರಾಹಕರ ಆಯೋಗಕ್ಕೆ ಒಂದು ಅರ್ಜಿ ಹಾಕಿ.

ಗೋಣಿಕೊಪ್ಪ_ಕನ್ನಡಕ

ಅಂಗಡಿಯಲ್ಲಿ ಕೂತು ನೋಡ್ತಿರೋನು ನಾನು, ಡಾಕ್ಟರ್ ಅಲ್ಲ. ಬರೀ ಪೊರೆ ತೆಗೆಸಿಕೊಂಡು ಬಂದವರ ಚೀಟಿಯಲ್ಲಿ ದೂರದ ನಂಬರ್ ಸಾಮಾನ್ಯವಾಗಿ ಸೊನ್ನೆಯ ಆಸುಪಾಸು. ರೆಟಿನಾ ಜೊತೆಗೆ ಮಾಡಿಸಿಕೊಂಡವರದ್ದು ಹಾಗಲ್ಲ, ಮೈನಸ್ ಕಡೆಗೆ ವಾಲಿರೋದೇ ಜಾಸ್ತಿ. ಅರ್ಧ, ಮುಕ್ಕಾಲು ತೀರಾ ಮಾಮೂಲು. ಒಂದೂವರೆ ಸ್ವಲ್ಪ ಹೆಚ್ಚಾಯ್ತು, ಆದ್ರೆ ಕೇಳರಿಯದ್ದಲ್ಲ.

ಇನ್ನೊಂದು ಮಾತು. ಕಣ್ಣೊಳಗೆ ಗುಳ್ಳೆ ಇರುವಾಗಲೇ ಕನ್ನಡಕ ಮಾಡಿಸೋಕೆ ಬರ್ತಾರೆ. ನಾನು ವಾಪಸ್ ಕಳಿಸ್ತೀನಿ. ಆಗ ಸಿಗೋ ನಂಬರ್ ಗ್ಯಾಸಿನದು, ಕಣ್ಣಿನದಲ್ಲ. ದುಡ್ಡು ಹಾಳು.

ರೆಟಿನಾ_ಸೋಮವಾರಪೇಟೆ

ಊರು ಸೋಮವಾರಪೇಟೆ, ಕೆಲಸ ಜಿಲ್ಲೆಯಿಂದಾಚೆ, ರೆಟಿನಾ ವಿಭಾಗದಲ್ಲಿ. ಕಣ್ಣು ನೋಡದೆ ತೀರ್ಪು ಕೊಡಲ್ಲ. ಆದರೆ "ಲೆನ್ಸ್ ಅದಲುಬದಲು" ಅನ್ನೋ ಮೊದಲು ಕೆಲವು ವಿಷಯ ನೋಡಬೇಕು.

ಡಿಸ್ಚಾರ್ಜ್ ಕಾಗದದ ಜೊತೆ ಲೆನ್ಸಿನ ಸ್ಟಿಕ್ಕರ್ ಇರುತ್ತೆ, ಅದರ ಮೇಲಿನ ಪವರ್ ಎಷ್ಟು? ಆಪರೇಷನ್‌ಗೆ ಮೊದಲು ಕಣ್ಣಿನ ಉದ್ದ ಅಳೆದ ಬಯೊಮೆಟ್ರಿ ಹಾಳೆಯಲ್ಲಿ ಯಾವ ಪವರ್‌ಗೆ ಗುರುತು ಹಾಕಿದ್ದಾರೆ? ಇವೆರಡೂ ಒಂದೇ ಆಗಿದ್ರೆ ಅದಲುಬದಲಿನ ಮಾತು ಅಲ್ಲಿಗೇ ಮುಗೀತು. ಆಮೇಲೆ ಅಳೆದದ್ದು ಹೇಗೆ ಅಂತ ನೋಡಿ: ಗಲ್ಲ ಇಟ್ಟು ದೀಪ ನೋಡೋ ಯಂತ್ರದಲ್ಲೋ, ಕಣ್ಣಿಗೆ ಕಡ್ಡಿ ತಾಗಿಸೋ ಎ-ಸ್ಕ್ಯಾನಲ್ಲೋ? ಎರಡೂ ಕಣ್ಣಿನ ಉದ್ದ ಎಷ್ಟೆಷ್ಟು? ರೆಟಿನಾದ ಪದರಗಳನ್ನು ತೋರಿಸೋ ಒಸಿಟಿ ಸ್ಕ್ಯಾನಿನಲ್ಲಿ ರೆಟಿನಾದ ನಡುಭಾಗ ಎಷ್ಟು ದಪ್ಪ ಇತ್ತು?

ನಾಪೋಕ್ಲು_ತೋಟ

ಫೈಲ್ ತೆಗೆದು ನೋಡಿದೆ. ಸ್ಟಿಕ್ಕರ್ 22.0, ಬಯೊಮೆಟ್ರಿ ಹಾಳೆಯಲ್ಲಿ ಗೋಲ ಹಾಕಿರೋದೂ 22.0. ಅಳೆದದ್ದು ಎ-ಸ್ಕ್ಯಾನಲ್ಲಿ. ಪೊರೆ ಗಟ್ಟಿ ಇದ್ದದ್ದರಿಂದ ದೀಪದ ಯಂತ್ರದಲ್ಲಿ ಬರಲಿಲ್ಲ ಅಂದಿದ್ರು. ಬಲಗಣ್ಣು 23.1 ಮಿಲಿಮೀಟರ್, ಎಡಗಣ್ಣು 23.4. ನಡುಭಾಗದ ದಪ್ಪ ಮೊದಲು 520 ಮೈಕ್ರಾನ್ ಇತ್ತು, ಈಗ 310.

ರೆಟಿನಾ_ಸೋಮವಾರಪೇಟೆ

ಹಾಗಾದರೆ ಹಾಕಬೇಕೆಂದಿದ್ದ ಲೆನ್ಸೇ ಒಳಗಿದೆ. ಇನ್ನು ಮೈನಸ್ ಎಲ್ಲಿಂದ ಬಂತು ಅನ್ನೋದು. ನಿಮ್ಮ ಅಂಕಿಗಳಲ್ಲೇ ಬಹುಪಾಲು ಉತ್ತರ ಇದೆ.

ಒಳಗಿಡುವ ಲೆನ್ಸಿನ ಪವರ್ ನಿಂತಿರೋದು ಮುಖ್ಯವಾಗಿ ಮೂರರ ಮೇಲೆ. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದ ಬಾಗು, ಕಣ್ಣಿನ ಉದ್ದ, ಹಾಕಿದ ಲೆನ್ಸ್ ಕೊನೆಗೆ ಎಷ್ಟು ಆಳದಲ್ಲಿ ಕೂರುತ್ತೆ ಅನ್ನೋ ಅಂದಾಜು. ಮೊದಲನೆಯದನ್ನು ಈ ಆಪರೇಷನ್ ಹೆಚ್ಚು ಕದಲಿಸಲ್ಲ. ಈಗಿನ ಸಪೂರ ಉಪಕರಣಗಳ (23, 25 ಗೇಜ್) ತೂತಿಗೆ ಬಹುತೇಕ ಹೊಲಿಗೆಯೇ ಬೇಡ. ಎಡವಟ್ಟಾಗೋದು ಉಳಿದೆರಡರಲ್ಲಿ.

ಉದ್ದದ ಕತೆ ಹೀಗೆ. ಎ-ಸ್ಕ್ಯಾನ್ ಅಂದರೆ ಶಬ್ದದ ಅಲೆ. ಅದು ರೆಟಿನಾದ ಒಳಮೈಗೆ ತಾಗಿ ವಾಪಸ್ ಬರುತ್ತೆ. ದೀಪದ ಯಂತ್ರ ಹಾಗಲ್ಲ, ರೆಟಿನಾದ ತಳದ ಬಣ್ಣದ ಪದರದವರೆಗೂ ಅಳೆಯುತ್ತೆ. ಆರೋಗ್ಯವಾದ ಕಣ್ಣಿನಲ್ಲಿ ಈ ವ್ಯತ್ಯಾಸಕ್ಕೆ ಲೆಕ್ಕದಲ್ಲೇ ಜಾಗ ಕೊಟ್ಟಿರ್ತಾರೆ. ನಿಮ್ಮ ತಂದೆಯ ಕಣ್ಣಿನಲ್ಲಿ ನಡುಭಾಗ ಊದಿ 520 ಆಗಿತ್ತು, ಸಹಜ ದಪ್ಪ ಹೆಚ್ಚುಕಡಿಮೆ 250. ಅಂದರೆ ಒಳಮೈ ಕಾಲು ಮಿಲಿಮೀಟರ್‌ನಷ್ಟು ಮುಂದೆ ಬಂದು ನಿಂತಿತ್ತು. ಯಂತ್ರ ಕಣ್ಣನ್ನು ಅಷ್ಟು ಗಿಡ್ಡ ಅಂತ ಬರೆದುಕೊಂಡಿತು. ಗಿಡ್ಡ ಕಣ್ಣಿಗೆ ಜಾಸ್ತಿ ಪವರಿನ ಲೆನ್ಸ್ ಬೇಕು, ಸೂತ್ರ ಅದನ್ನೇ ಕೊಟ್ಟಿತು. ಪರದೆ ಸುಲಿದ ಮೇಲೆ ಊತ ಇಳಿದು ಒಳಮೈ ಹಿಂದೆ ಹೋಯ್ತು, ಲೆನ್ಸ್ ಅದೇ ಉಳಿಯಿತು. ಉದ್ದದಲ್ಲಿ 1 ಮಿಲಿಮೀಟರ್ ತಪ್ಪಿದರೆ ನಂಬರಿನಲ್ಲಿ ಎರಡೂವರೆಯಿಂದ ಮೂರರಷ್ಟು ತಪ್ಪುತ್ತೆ. ಹಾಗಾಗಿ ಕಾಲು ಮಿಲಿಮೀಟರ್‌ಗೆ ಮುಕ್ಕಾಲು ನಂಬರ್. ಎಡಗಣ್ಣು 23.4 ಇದೆ, ಎರಡರ ನಡುವೆ 0.3 ವ್ಯತ್ಯಾಸ. ಈ ಅಂದಾಜಿಗೆ ಅದೇ ಸಾಕ್ಷಿ.

ಉಳಿದ ಅರ್ಧ, ಮುಕ್ಕಾಲು ನಂಬರಿಗೆ ನನ್ನ ಅನುಮಾನ ಗ್ಯಾಸಿನ ಮೇಲೆ. ಹಿಂದೆ ಲೋಳೆಯ ಆಸರೆ ಇಲ್ಲ, ಲೆನ್ಸ್ ಕೂರಿಸಿದ ಚೀಲ ಇನ್ನೂ ಬಿಗಿದುಕೊಂಡಿಲ್ಲ, ಆ ಹೊತ್ತಿಗೆ ಹಿಂದಿನಿಂದ ಗುಳ್ಳೆ ಒತ್ತುತ್ತೆ. ಲೆನ್ಸ್ ಒಂದಿಷ್ಟು ಮುಂದೆ ಸರಿದು, ಚೀಲ ಅಲ್ಲೇ ಬಿಗಿದುಕೊಂಡರೆ ಗ್ಯಾಸ್ ಕರಗಿದ ಮೇಲೂ ಪೂರ್ತಿ ಹಿಂದೆ ಬರಲ್ಲ. ಲೆನ್ಸ್ ಮುಂದೆ ಬಂದಷ್ಟೂ ಮೈನಸ್. ತಲೆ ಬಗ್ಗಿಸಿ ಇರಿ, ಅಂಗಾತ ಮಲಗಬೇಡಿ ಅಂತ ಹೇಳೋದಕ್ಕೆ ರೆಟಿನಾ ಅಂಟಿಕೊಳ್ಳೋದು ಮುಖ್ಯ ಕಾರಣವಾದರೂ ಇದೂ ಒಂದು ಕಾರಣ. ಅಂಗಾತ ಮಲಗಿದ್ರೆ ಗುಳ್ಳೆ ಮೇಲೆದ್ದು ನೇರ ಲೆನ್ಸಿನ ಬೆನ್ನಿಗೇ ತಾಗುತ್ತೆ.

ನಾಪೋಕ್ಲು_ತೋಟ

ಅಬ್ಬಾ, ಇಷ್ಟು ವಿವರವಾಗಿ ಅಲ್ಲಿ ಯಾರೂ ಹೇಳಿರಲಿಲ್ಲ. ಅಂಗಾತದ ಬಗ್ಗೆ ಹೇಳಬೇಕಂದ್ರೆ, ಮಳೆಗಾಲ, ಕರೆಂಟಿಲ್ಲ, ರಾತ್ರಿ ಯಾವ ಭಂಗಿಯಲ್ಲಿ ಮಲಗಿದ್ರೋ ದೇವರೇ ಬಲ್ಲ. ಅಮ್ಮ ಎಬ್ಬಿಸಿ ಎಬ್ಬಿಸಿ ಸಾಕಾಗಿ ಬೈದು ಬಿಟ್ಟಿದ್ರು.

ಕುಶಾಲನಗರ_ಮೇಷ್ಟ್ರು

ಒಂದು ಪ್ರಶ್ನೆ. ಮೈನಸ್ ಕಡೆಗೇ ಜಾರುತ್ತೆ ಅಂತ ಮೊದಲೇ ಗೊತ್ತಿದ್ದರೆ ಲೆನ್ಸ್ ಆರಿಸುವಾಗಲೇ ಅಷ್ಟನ್ನು ಕಳೆದುಬಿಡಬಹುದಲ್ಲ? ಗಣಿತದ ಮೇಷ್ಟ್ರು ನಾನು, ಒಂದೇ ದಿಕ್ಕಿಗೆ ವಾಲೋ ತಪ್ಪನ್ನು ಸರಿಪಡಿಸೋದು ಸುಲಭ. ಅತ್ತಿತ್ತ ಹರಡಿಕೊಳ್ಳೋ ತಪ್ಪು ಕಷ್ಟ.

ಹಾಗೇ ಒಂದು ಹಳೇ ಕತೆ: ಲಂಡನ್ನಿನ ಹೆರಾಲ್ಡ್ ರಿಡ್ಲಿ 1949ರಲ್ಲಿ ಮೊದಲ ಬಾರಿಗೆ ಕಣ್ಣೊಳಗೆ ಕೃತಕ ಲೆನ್ಸ್ ಇಟ್ಟಾಗ ರೋಗಿಗೆ ಬಂದ ನಂಬರ್ ಮೈನಸ್ ಹತ್ತನ್ನೂ ದಾಟಿತ್ತು. ಅದಕ್ಕೆ ಹೋಲಿಸಿದ್ರೆ ನಿಮ್ಮ ತಂದೆಯ ಒಂದೂವರೆ ಏನೂ ಅಲ್ಲ, ಆದ್ರೆ ಅವರಿಗೆ ಈ ಸಮಾಧಾನ ಹೇಳೋಕೆ ಹೋಗಬೇಡಿ.

ರೆಟಿನಾ_ಸೋಮವಾರಪೇಟೆ

ಮೇಷ್ಟ್ರ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ಹಲವರು ಹಾಗೇ ಮಾಡ್ತಾರೆ. ಗ್ಯಾಸ್ ಹಾಕೋ ಕಣ್ಣಾದರೆ ಗುರಿಯನ್ನು ಸೊನ್ನೆಗಿಂತ ಕಾಲು, ಅರ್ಧ ನಂಬರ್ ಪ್ಲಸ್ ಕಡೆಗೆ ಇಡ್ತಾರೆ. ಎಲ್ಲರೂ ಒಪ್ಪಲ್ಲ. ಯಾಕಂದ್ರೆ ಜಾರುವಿಕೆ ಎಲ್ಲ ಕಣ್ಣಲ್ಲೂ ಒಂದೇ ಥರ ಇರಲ್ಲ. ಸಕ್ಕರೆ ಕಾಯಿಲೆಯಿಂದ ಒಳಗೆ ರಕ್ತ ಸೋರಿದ ಕಣ್ಣು, ನಡುಭಾಗ ಊದಿಲ್ಲ, ಗ್ಯಾಸ್ ಹಾಕಿಲ್ಲ ಅಂದ್ರೆ ಬರೀ ಪೊರೆ ಆಪರೇಷನ್‌ನಷ್ಟೇ ಕರಾರುವಾಕ್ಕಾಗಿ ಬರಬಹುದು. ಅಂಥ ಕಣ್ಣಲ್ಲಿ ಸುಮ್ಮನೆ ಅರ್ಧ ಕಳೆದರೆ ಪ್ಲಸ್ ಬಂದು ಕೂರುತ್ತೆ, ದೂರವೂ ಮಸುಕು, ಹತ್ತಿರವೂ ಮಸುಕು. ಉಳಿಯೋದಾದ್ರೆ ಮೈನಸ್ಸೇ ಉಳಿಯಲಿ, ಹತ್ತಿರವಾದ್ರೂ ಕಾಣುತ್ತೆ. ಪ್ಲಸ್ ಉಳಿಸೋಕೆ ಡಾಕ್ಟರುಗಳಿಗೆ ಭಯ ಇರೋದು ಅದಕ್ಕೇ.

ಅತ್ತಿತ್ತ ಹರಡೋ ತಪ್ಪು ಅಂದ್ರಲ್ಲ, ಅದು ಹೆಚ್ಚಾಗಿ ಕಾಣೋದು ರೆಟಿನಾ ಕಳಚಿ ನಡುಭಾಗವೂ ಎದ್ದು ನಿಂತ ಕಣ್ಣಲ್ಲಿ. ಯಂತ್ರ ತೇಲುತ್ತಿರೋ ರೆಟಿನಾಕ್ಕೇ ತಾಗಿ ವಾಪಸ್ ಬಂದ್ರೆ ಕಣ್ಣು ಮಿಲಿಮೀಟರ್‌ಗಟ್ಟಲೆ ಗಿಡ್ಡ ಕಾಣುತ್ತೆ. ಅದನ್ನೇ ನಂಬಿ ಲೆನ್ಸ್ ಹಾಕಿದ್ರೆ ಹಲವು ನಂಬರ್ ಮೈನಸ್. ಅಂಥ ಹೊತ್ತಲ್ಲಿ ಇನ್ನೊಂದು ಕಣ್ಣಿನ ಉದ್ದವನ್ನೇ ಎರವಲು ತಗೊಳ್ಳೋದು, ಇಲ್ಲಾ ರೆಟಿನಾ ಮೊದಲು ಅಂಟಿಸಿ ಲೆನ್ಸ್ ಆಮೇಲೆ ಹಾಕೋದು. ಕಳಚಿದ ರೆಟಿನಾಕ್ಕೆ ಕಣ್ಣಿನ ಸುತ್ತ ಪಟ್ಟಿ ಬಿಗಿದಿದ್ರೆ ಅದು ಬೇರೆ ಲೆಕ್ಕ. ಕಣ್ಣೇ ಉದ್ದವಾಗಿ ಎರಡು, ಮೂರು ಮೈನಸ್ ಬರುತ್ತೆ.

ಸುಂಟಿಕೊಪ್ಪ_ಅಕ್ಕ

ನಮ್ಮನೇದು ಇದಕ್ಕೆ ತದ್ವಿರುದ್ಧ. ಯಜಮಾನರಿಗೆ ರೆಟಿನಾ ಕಳಚಿತ್ತು, ಗ್ಯಾಸ್ ಬದಲು ಎಣ್ಣೆ ಹಾಕಿದ್ರು. ಎಣ್ಣೆ ಇರೋವಷ್ಟು ಕಾಲ ಪ್ಲಸ್ ನಂಬರ್, ಅದೂ ದೊಡ್ಡದು. ದಪ್ಪ ಕನ್ನಡಕ ಹಾಕಿದ್ರೂ ಸರಿಹೋಗ್ತಿರಲಿಲ್ಲ. ಎಣ್ಣೆ ತೆಗೆದ ಮೇಲೆ ಇಳೀತು. ಅದು ಯಾಕೆ ಹಾಗೆ?

ರೆಟಿನಾ_ಸೋಮವಾರಪೇಟೆ

ಸಿಲಿಕಾನ್ ಎಣ್ಣೆ ಬೆಳಕನ್ನು ಲೋಳೆಗಿಂತ ಹೆಚ್ಚು ಬಾಗಿಸುತ್ತೆ. ಲೋಳೆಯ ವಕ್ರೀಭವನ ಸೂಚ್ಯಂಕ 1.336, ಎಣ್ಣೆಯದು ಸುಮಾರು 1.40. ಲೆನ್ಸಿನ ಹಿಂಬದಿಗೆ ಎಣ್ಣೆ ಅಂಟಿ ನಿಂತಾಗ ಆ ಮೈಯ ಬಲ ಕುಗ್ಗುತ್ತೆ, ಎಣ್ಣೆಯ ಮುಂಭಾಗವೇ ಮೈನಸ್ ಲೆನ್ಸಿನ ಥರ ಕೆಲಸ ಮಾಡುತ್ತೆ. ಸ್ವಂತ ಲೆನ್ಸ್ ಇರೋ ಕಣ್ಣಲ್ಲಿ +5ರಿಂದ +7ರವರೆಗೂ ಹೋಗಬಹುದು. ಎಣ್ಣೆ ತೆಗೆದರೆ ಅದೂ ಹೋಯ್ತು. ಎಣ್ಣೆ ಇರುವಾಗ ದುಬಾರಿ ಕನ್ನಡಕ ಬೇಡ ಅನ್ನೋದು ಅದಕ್ಕೆ.

ಎಣ್ಣೆ ಒಳಗಿರುವಾಗ ಪೊರೆ ಬೆಳೆದು ಲೆನ್ಸ್ ಲೆಕ್ಕ ಹಾಕೋ ಪ್ರಸಂಗ ಬಂದ್ರೆ ಎ-ಸ್ಕ್ಯಾನ್ ಇನ್ನೂ ಮೋಸ ಮಾಡುತ್ತೆ. ಕಣ್ಣಿನ ನೀರಿನಲ್ಲಿ ಶಬ್ದ ಸೆಕೆಂಡಿಗೆ 1532 ಮೀಟರ್ ಓಡುತ್ತೆ, ಎಣ್ಣೆಯಲ್ಲಿ ಸಾವಿರವೂ ಇಲ್ಲ. ಯಂತ್ರಕ್ಕೆ ಎಣ್ಣೆ ಇದೆ ಅಂತ ಹೇಳದಿದ್ರೆ ಎಣ್ಣೆ ತುಂಬಿದ ಭಾಗವನ್ನು ಒಂದೂವರೆ ಪಟ್ಟು ಉದ್ದ ಅನ್ನುತ್ತೆ. ದೀಪದ ಯಂತ್ರದಲ್ಲಿ ಎಣ್ಣೆ ತುಂಬಿದ ಕಣ್ಣಿಗೆ ಪ್ರತ್ಯೇಕ ಆಯ್ಕೆ ಇರುತ್ತೆ, ಅದೇ ವಾಸಿ.

ಸಂಪಾಜೆ_ಕೆಳಗೆ

ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮಿಸಿ, ಅರ್ಜೆಂಟ್ ಇದೆ. ಅತ್ತೆಗೆ ಮಂಗಳೂರಲ್ಲಿ ಇದೇ ಜೋಡಿ ಆಪರೇಷನ್, ಗ್ಯಾಸ್ ಹಾಕಿದ್ದಾರೆ. ವಿಮಾನ ಹತ್ತಬೇಡಿ ಅಂದ್ರು. ನಾವು ಯಾವ ವಿಮಾನ ಹತ್ತೋರು! ನಾಳೆ ಡಿಸ್ಚಾರ್ಜ್, ಮನೆ ಮಡಿಕೇರಿ. ಕಾರಲ್ಲಿ ಕರ್ಕೊಂಡು ಬರಬಹುದಲ್ವಾ?

ರೆಟಿನಾ_ಸೋಮವಾರಪೇಟೆ

ದಯವಿಟ್ಟು ನಿಲ್ಲಿ. ಡಿಸ್ಚಾರ್ಜ್ ಆಗೋ ಮೊದಲು ಸರ್ಜನ್‌ಗೆ ನೇರವಾಗಿ ಹೇಳಿ: "ನಮ್ಮ ಮನೆ ಘಟ್ಟದ ಮೇಲೆ, ಮಡಿಕೇರಿಯಲ್ಲಿ." ಅನುಮತಿ ಕೊಟ್ಟರೆ ಮಾತ್ರ ಹೊರಡಿ.

ಮಂಗಳೂರು ಸಮುದ್ರಮಟ್ಟ, ಮಡಿಕೇರಿ ಸುಮಾರು 1150 ಮೀಟರ್ ಎತ್ತರ. ಅಷ್ಟು ಏರಿದರೆ ಹೊರಗಿನ ಗಾಳಿಯ ಒತ್ತಡ ಎಂಟರಲ್ಲಿ ಒಂದು ಪಾಲಿನಷ್ಟು ಇಳಿಯುತ್ತೆ, ಕಣ್ಣೊಳಗಿನ ಗ್ಯಾಸ್ ನೂರಕ್ಕೆ ಹದಿನೈದರಷ್ಟು ಹಿಗ್ಗೋಕೆ ನೋಡುತ್ತೆ. ಕಣ್ಣು ಬಲೂನ್ ಅಲ್ಲ, ಜಾಗ ಕೊಡಲ್ಲ. ಒಳಗಿನ ಒತ್ತಡ ಏರುತ್ತೆ. ತುಂಬಾ ಏರಿದ್ರೆ ರೆಟಿನಾಕ್ಕೆ ರಕ್ತ ಹರಿಯೋದೇ ನಿಂತು ದೃಷ್ಟಿ ಹೋಗಬಹುದು. ಗುಳ್ಳೆ ಒತ್ತಿ ಹೊಸ ಲೆನ್ಸೂ ಮುಂದೆ ಬರಬಹುದು. ಮೈಸೂರಿಂದ ಬಂದ್ರೆ ಏರು ನಾನೂರು ಮೀಟರ್ ಹತ್ತಿರ ಮಾತ್ರ, ಹಿಗ್ಗೋದು ನೂರಕ್ಕೆ ಐದರಷ್ಟು. ಕಣ್ಣೂರಿಂದ ಮಾಕುಟ್ಟ ಘಟ್ಟ ಹತ್ತಿ ವಿರಾಜಪೇಟೆಗೆ ಬರೋರೂ ಇದನ್ನು ಯೋಚಿಸಬೇಕು. ಬಯಲುಸೀಮೆ ರೋಗಿಗಳಿಗೆ ವಿಮಾನದ ಮಾತು ಸಾಕು. ನಮ್ಮವರಿಗೆ ರಸ್ತೆಯ ಮಾತನ್ನೂ ಹೇಳಬೇಕು, ಹೇಳೋರು ಕಮ್ಮಿ.

ಯಾವ ಗ್ಯಾಸ್ ಅಂತಲೂ ಕೇಳಿ. ಎಸ್‌ಎಫ್6 ಆದ್ರೆ ಹೆಚ್ಚುಕಡಿಮೆ ಎರಡು ವಾರ, ಸಿ3ಎಫ್8 ಆದ್ರೆ ಆರೆಂಟು ವಾರ ಇರುತ್ತೆ. ಗುಳ್ಳೆ ಚಿಕ್ಕದಾಗೋವರೆಗೆ ಸುಳ್ಯ, ಪುತ್ತೂರು ಕಡೆ ನೆಂಟರ ಮನೆ ಇದ್ದರೆ ಅಲ್ಲೇ ಇರೋದು ಕ್ಷೇಮ. ಈ ಅವಧಿಯಲ್ಲಿ ಬೇರೆ ಯಾವುದಕ್ಕಾದರೂ ಅರಿವಳಿಕೆ ಕೊಡೋ ಸಂದರ್ಭ ಬಂದ್ರೆ ಕಣ್ಣಲ್ಲಿ ಗ್ಯಾಸ್ ಇದೆ ಅಂತ ಹೇಳಲೇಬೇಕು. ನೈಟ್ರಸ್ ಆಕ್ಸೈಡ್ ಕೊಡಬಾರದು. ದಾರಿಯಲ್ಲಿ ಕಣ್ಣು ನೋವು, ವಾಂತಿ, ಇದ್ದ ಬೆಳಕೂ ಮಂಕಾಯ್ತು ಅಂದ್ರೆ ಮುಂದೆ ಹತ್ತಬೇಡಿ, ಕೆಳಗೆ ಇಳಿದು ನೇರ ಆಸ್ಪತ್ರೆಗೆ.

ಸಂಪಾಜೆ_ಕೆಳಗೆ

ಸರ್ಜನ್‌ಗೆ ಫೋನ್ ಮಾಡಿದೆ. "ಮಡಿಕೇರಿ ಅಂತ ಮೊದಲೇ ಯಾಕೆ ಹೇಳಲಿಲ್ಲ" ಅಂತ ನನ್ನನ್ನೇ ಕೇಳಿದ್ರು. ಅತ್ತೆ ಪುತ್ತೂರಲ್ಲಿ ನಾದಿನಿ ಮನೇಲಿರ್ತಾರೆ. ತುಂಬಾ ಉಪಕಾರ ಆಯ್ತು.

ಗುಳ್ಳೆ ಕರಗುತ್ತಿದೆ ಅಂತ ನಮಗೆ ಹೇಗೆ ಗೊತ್ತಾಗುತ್ತೆ?

ಗೋಣಿಕೊಪ್ಪ_ಕನ್ನಡಕ

ರೋಗಿಗೇ ಗೊತ್ತಾಗುತ್ತೆ. ಮೊದಲು ಬರೀ ಮಸುಕು. ಆಮೇಲೆ ಮೇಲುಗಡೆ ಒಂದು ಗೆರೆ ಬರುತ್ತೆ, ತಲೆ ಅಲ್ಲಾಡಿದ್ರೆ ಗಾರೆಯವರ ಮಟ್ಟಗೋಲಿನ ಹಾಗೆ ಓಲಾಡುತ್ತೆ. ಗೆರೆಯ ಮೇಲೆ ಸ್ಪಷ್ಟ, ಕೆಳಗೆ ಮಸುಕು. ದಿನ ಹೋದಂತೆ ಗೆರೆ ಕೆಳಗಿಳಿದು, ಕೊನೆಗೆ ಸಣ್ಣ ಗೋಲಿ ಕೆಳಗಡೆ ಕುಣಿಯೋದು ಕಂಡು ಮಾಯ. ಒಳಗೆ ಗುಳ್ಳೆ ಮೇಲೆ ತೇಲ್ತಾ ಇರುತ್ತೆ, ನಮಗೆ ಕಾಣೋದು ತಲೆಕೆಳಗಾಗಿ.

ಜೀಪ್_ಗಿರಾಕಿ

ಇಷ್ಟೆಲ್ಲ ಕಾರಣ ಇದ್ರೆ ಆಪರೇಷನ್‌ಗೆ ಮೊದಲೇ ಹೇಳಬೇಕಿತ್ತು ತಾನೇ? "ಕನ್ನಡಕ ಬೇಡ" ಅಂತ ಯಾಕಂದ್ರು? ನನ್ನ ಮಾತು ಅಷ್ಟೇ. ಡಾಕ್ಟರ್ ಡಾಕ್ಟರ್ ಪರ ಮಾತಾಡೋದು ಹೊಸದೇನಲ್ಲ.

ರೆಟಿನಾ_ಸೋಮವಾರಪೇಟೆ

ಹೇಳಬೇಕಿತ್ತು ಅನ್ನೋದು ಒಪ್ಪಿದೆ. ಊದಿದ ರೆಟಿನಾ, ಎ-ಸ್ಕ್ಯಾನ್, ಗ್ಯಾಸ್ ಮೂರೂ ಇರೋ ಕಣ್ಣಿಗೆ ಸೊನ್ನೆ ಅಂತ ಮಾತು ಕೊಡೋ ಧೈರ್ಯ ನನಗಿಲ್ಲ. ಆದರೆ ಲೆನ್ಸ್ ತಪ್ಪು ಹಾಕೋದು ಬೇರೆ, ಸೊನ್ನೆ ಅಂತ ಆಸೆ ಹುಟ್ಟಿಸೋದು ಬೇರೆ. ಎರಡನೆಯದಕ್ಕೆ ಬೈಯಿರಿ, ನಾನೂ ಜೊತೆಗೆ ಬರ್ತೀನಿ.

ಕುಶಾಲನಗರ_ಮೇಷ್ಟ್ರು

ಎರಡೂ ಬೇರೆ ಬೇರೆ ಮಾಡಿಸಿದ್ರೆ? ಮೊದಲು ರೆಟಿನಾ, ಊತ ಇಳಿದ ಮೇಲೆ ಸರಿಯಾಗಿ ಅಳೆದು ಪೊರೆ.

ರೆಟಿನಾ_ಸೋಮವಾರಪೇಟೆ

ನಂಬರ್ ಒಂದೇ ಮುಖ್ಯ ಅಂದ್ರೆ ಅದೇ ಉತ್ತಮ. ಆದರೆ ಪೊರೆ ದಟ್ಟವಾಗಿದ್ರೆ ಅದರ ಮೂಲಕ ರೆಟಿನಾ ಕಾಣಲ್ಲ, ಕೆಲಸ ಮಾಡೋದು ಹೇಗೆ? ಪೊರೆ ಇಲ್ಲದಿದ್ರೂ ಐವತ್ತು ದಾಟಿದವರಿಗೆ ವಿಟ್ರೆಕ್ಟಮಿ (ಲೋಳೆ ತೆಗೆಯೋ ಆಪರೇಷನ್) ಆದ ಮೇಲೆ ಬಹುಪಾಲು ಜನರಿಗೆ ಒಂದೆರಡು ವರ್ಷದಲ್ಲಿ ಬಂದೇ ಬರುತ್ತೆ, ಬರುವಾಗ ಅದೂ ಮೈನಸ್ ತಗೊಂಡೇ ಬರುತ್ತೆ. ಹಿಂದಿನ ಲೋಳೆ ಇಲ್ಲದ ಕಣ್ಣಲ್ಲಿ ಪೊರೆ ತೆಗೆಯೋದು ಸ್ವಲ್ಪ ನಾಜೂಕು. ಮಳೆಗಾಲದಲ್ಲಿ ನಾಪೋಕ್ಲಿನಿಂದ ಎರಡೆರಡು ಸಲ ಹೊರಡೋದು, ಎರಡು ಸಲ ಖರ್ಚು, ಎರಡು ಸಲ ಯಾರೋ ಒಬ್ಬರು ತೋಟ ಬಿಟ್ಟು ಜೊತೆಗಿರೋದು. ನನ್ನ ಮಟ್ಟಿಗೆ 71ರ ವಯಸ್ಸಿನವರಿಗೆ ಒಂದೇ ಸಲ ಮಾಡೋದೇ ಸರಿ, ಒಂದು ನಂಬರ್ ಆಚೀಚೆ ಆದ್ರೂ. ನಲವತ್ತೈದರ ಡ್ರೈವರ್ ಆದ್ರೆ ಬೇರೆ ಮಾತು ಹೇಳ್ತಿದ್ದೆ.

ನಾಪೋಕ್ಲು_ತೋಟ

ಈಗ ಮುಂದೇನು? ಎಡಗಣ್ಣಿಗೂ ಪೊರೆ ಶುರು ಆಗಿದೆ. ಕನ್ನಡಕ ಹಾಕಿದ್ರೆ ಮೆಟ್ಟಿಲು ಇಳಿಯುವಾಗ ಓಲಾಡ್ತಾರೆ.

ರೆಟಿನಾ_ಸೋಮವಾರಪೇಟೆ

ಎರಡು ಕಣ್ಣಿನ ನಡುವೆ 2.25 ವ್ಯತ್ಯಾಸ ಇದೆ. ಎರಡು, ಎರಡೂವರೆ ಹತ್ತಿರ ಬಂದ್ರೆ ಕನ್ನಡಕದಲ್ಲಿ ಎರಡು ಕಣ್ಣಿಗೆ ಬಿಂಬದ ಗಾತ್ರ ಬೇರೆ ಬೇರೆ ಆಗಿ ಹಲವರಿಗೆ ತಲೆ ತಿರುಗುತ್ತೆ. ಓಲಾಡೋದು ಅದಕ್ಕೇ ಇರಬೇಕು. ಎಡಗಣ್ಣಿನ ಆಪರೇಷನ್ ಆದಾಗ ಇದು ತಾನಾಗಿ ಸರಿಹೋಗುತ್ತೆ, ಗುರಿ ಎಲ್ಲಿ ಇಡಬೇಕು ಅಂತ ಮೊದಲೇ ಮಾತಾಡಿದ್ರೆ. ಎಡಗಣ್ಣು ದೂರಕ್ಕೆ ಸೊನ್ನೆ ಇಟ್ಟರೆ ಬಲಗಣ್ಣು ಊಟದ ತಟ್ಟೆ, ಮೊಬೈಲ್, ಕಾಫಿ ಬೀಜ ಆರಿಸೋಕೆ ಕನ್ನಡಕ ಇಲ್ಲದೆ ಸಾಕಾಗುತ್ತೆ. ಹಲವರು ಇದನ್ನೇ ಬೇಕಂತ ಕೇಳಿ ಮಾಡಿಸಿಕೊಳ್ತಾರೆ. ಎಡಗಣ್ಣಿಗೂ ಅರ್ಧ ಮೈನಸ್ ಇಟ್ಟರೆ ಎರಡೂ ಹತ್ತಿರ ಹತ್ತಿರ ಇರುತ್ತೆ, ದೂರಕ್ಕೆ ಸಣ್ಣ ಕನ್ನಡಕ ಬೇಕಾಗುತ್ತೆ. ಆಯ್ಕೆ ನಿಮ್ಮ ತಂದೆಯದು.

ಒಳಗಿನ ಲೆನ್ಸ್ ಬದಲಿಸೋ ಯೋಚನೆ ಒಂದೂವರೆಗೆ ಬೇಡ. ಲೋಳೆ ತೆಗೆದ ಕಣ್ಣಲ್ಲಿ ಚೀಲ ಹರಿದ್ರೆ ಲೆನ್ಸ್ ಹಿಂದಕ್ಕೆ ಬಿದ್ದುಹೋಗಬಹುದು. ನಡುಭಾಗ ಕೆಟ್ಟಿದ್ದ ಕಣ್ಣಿಗೆ ಮಲ್ಟಿಫೋಕಲ್ (ದೂರ, ಹತ್ತಿರ ಎರಡಕ್ಕೂ ಬೆಳಕು ಹಂಚೋ) ಲೆನ್ಸ್ ಯಾರಾದರೂ ಹೇಳಿದ್ರೆ ಅದಕ್ಕೂ ಬೇಡ ಅನ್ನಿ, ಇದ್ದ ಸ್ಪಷ್ಟತೆಯೂ ಹಂಚಿಹೋಗುತ್ತೆ.

ಗೋಣಿಕೊಪ್ಪ_ಕನ್ನಡಕ

ಗುರಿಗೆ ಅಂತಲೇ ಒಂದು ಜೊತೆ ಬೇರೆ ಮಾಡಿಸಿ. ಬಲಗಣ್ಣಿಗೆ -1.50 ಪೂರ್ತಿ ಹಾಕಿದ್ರೆ ಕಾಯಿ ಸ್ಪಷ್ಟ, ಮಣಿ ಮಸುಕು. -0.75 ಹಾಕಿದ್ರೆ ಎರಡೂ ನಡುಮಧ್ಯ. ಟ್ರಯಲ್ ಫ್ರೇಮ್ ಹಾಕಿ ಅಂಗಡಿ ಎದುರು ರಸ್ತೆಗೆ ನಿಲ್ಲಿಸಿ ಪರೀಕ್ಷೆ ಮಾಡ್ತೀನಿ, ಕೋವಿ ಮಾತ್ರ ಮನೇಲೇ ಬಿಟ್ಟು ಬರಲಿ, ಕೋಲು ಸಾಕು. ಓಲಾಡೋದಕ್ಕೆ, ನಡೆಯುವಾಗ ಆ ಕನ್ನಡಕ ತೆಗೆದುಬಿಡಲಿ.

ನಾಪೋಕ್ಲು_ತೋಟ

ಅಪ್ಪನಿಗೆ ಓದಿ ಹೇಳಿದೆ. "ಕೋಲು ಹಿಡ್ಕೊಂಡು ಗೋಣಿಕೊಪ್ಪ ರಸ್ತೆಯಲ್ಲಿ ನಿಲ್ಲೋನಲ್ಲ ನಾನು" ಅಂದ್ರು. ಆಮೇಲೆ ಸಂತೆ ದಿನ ಹೋಗೋಣ ಅಂದ್ರು. ಎಡಗಣ್ಣಿನ ಬಯೊಮೆಟ್ರಿ ಈಗಲೇ ಮಾಡಿಸಬೇಕಾ, ಇಲ್ಲಾ ಪೊರೆ ಬಲಿಯೋವರೆಗೆ ಕಾಯಬೇಕಾ?

ರೆಟಿನಾ_ಸೋಮವಾರಪೇಟೆ

ಈಗಲೇ ಮಾಡಿಸಿ ಇಟ್ಟುಕೊಳ್ಳಿ, ಪೊರೆ ತೆಳ್ಳಗಿರುವಾಗ ದೀಪದ ಯಂತ್ರದಲ್ಲೇ ಅಳತೆ ಸಿಗುತ್ತೆ. ಅದೇ ಸಲ ಬಲಗಣ್ಣನ್ನೂ ಅಳೆಯೋಕೆ ಹೇಳಿ, ಒಳಗೆ ಲೆನ್ಸ್ ಇದೆ ಅಂತ ಯಂತ್ರದಲ್ಲಿ ಆಯ್ಕೆ ಮಾಡಬೇಕು. ಬಲಗಣ್ಣು ನಿಜಕ್ಕೂ 23.4 ಆಸುಪಾಸು ಬಂದ್ರೆ ಮೇಲಿನ ಲೆಕ್ಕ ಸರಿ. ಬರದಿದ್ರೆ ಪೂರ್ತಿ ಹೊಣೆ ಗ್ಯಾಸಿನದು. ಎಡಗಣ್ಣಿನ ಒಸಿಟಿಯನ್ನೂ ಮರೆಯಬೇಡಿ, ಅಲ್ಲೂ ಪರದೆ ಶುರುವಾಗಿರಬಹುದು. ಹಾಳೆಗಳ ಒಂದೊಂದು ನಕಲು ನಿಮ್ಮ ಬಳಿ ಇರಲಿ, ಕೇಳಿದ್ರೆ ಕೊಡ್ತಾರೆ.